ನಾನು ಬಿಟ್ಟದ್ದು ಸಿಹಿಗುಂಬಳ

ಜೂನ್ 9, ಮಂಗಳವಾರ

ಪಾದ್ರಿಯಮ್ಮ ಬರೆಯಿರಿ ಅಂದಿದ್ದಾರೆ, ಬರೆಯುತ್ತಿದ್ದೇನೆ. ದೇವರು ಏನು ತೋರಿಸಿದರೂ ಅವತ್ತೇ ಬರೆದಿಡಬೇಕಂತೆ. ಇಲ್ಲದಿದ್ದರೆ ಮನಸ್ಸು ತನಗೆ ಬೇಕಾದ ಹಾಗೆ ತಿದ್ದಿಕೊಂಡುಬಿಡುತ್ತದಂತೆ. ನನಗೇನು ಕಷ್ಟ? ಊರ ಶಾಲೆಯಲ್ಲಿ ಆರನೇ ಕ್ಲಾಸಿನವರೆಗೆ ಓದಿದವನು, ಕೈಬರಹಕ್ಕೆ ಬಹುಮಾನ ಪಡೆದವನು. ಆ ವರ್ಷ ಕ್ಲಾಸಿನಲ್ಲಿ ಬೇರೆ ಯಾರಿಗೂ ಪೆನ್ಸಿಲ್ ಇರಲಿಲ್ಲ ಅಂತ ಜೋವೆಸಾ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಹೊಟ್ಟೆಕಿಚ್ಚು.

ಪ್ರಾರ್ಥನೆ ಶುರುವಾಗುವುದು ಗುರುವಾರ. ಆದ್ದರಿಂದ ದೇವರು ಇನ್ನೂ ಏನೂ ತೋರಿಸಿಲ್ಲ. ಇವತ್ತು ಇದಕ್ಕೆಲ್ಲ ಏನು ಕಾರಣ ಅಂತ ಬರೆದಿಡುತ್ತೇನೆ.

ಜೋವೆಸಾ ಸತ್ತ. ಮರಗೆಣಸಿನ ಹೊಲದಲ್ಲಿ ಗುದ್ದಲಿ ಹಿಡಿದವನು ಹಾಗೇ ಕುಸಿದ. ನನ್ನ ಸೋದರಮಾವನ ಮಗ, ನನ್ನ ಹೆಂಡತಿ ಮೆರೆಸೇನಿಗೆ ಅಣ್ಣ. ಹುಟ್ಟಿನಿಂದಲೂ ಭಾವ, ಮದುವೆಯಿಂದಲೂ ಭಾವ. ನಮ್ಮ ದ್ವೀಪದಲ್ಲಿ ಭಾವಂದಿರು ಎದುರಾದರೆ ಗೇಲಿ ಮಾಡಲೇಬೇಕು. ಮಾಡದಿದ್ದರೆ ಇವರಿಬ್ಬರಿಗೂ ಏನೋ ಜಗಳವಾಗಿದೆ ಅಂತ ಊರು ಗುಸುಗುಸು ಮಾತಾಡುತ್ತದೆ. ಅದಕ್ಕೇ ಮಣ್ಣಿಗೆ ಒಯ್ಯುವಾಗ ನಾನು ಗಟ್ಟಿಯಾಗಿ ಅಂದೆ: "ಬದುಕಿದ್ದಾಗ ಒಂದು ದೋಣಿಗೂ ಹೆಗಲು ಕೊಡ್ಲಿಲ್ಲ ನನ್ ಮಗ, ಈಗ್ಲೂ ನಾವೇ ಹೊರ್ಬೇಕು." ಎಲ್ಲರೂ ನಕ್ಕರು. ಅವನ ಹೆಂಡತಿ ಉನಾಯ್ಸಿ ಕೂಡ ಮೂಗು ಒರೆಸಿಕೊಳ್ಳುತ್ತ ನಕ್ಕಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಕೆಟ್ಟದ್ದು ಆಮೇಲೆ. ಮಣ್ಣಾದ ಸಂಜೆ ಬಂಧುಗಳೆಲ್ಲ ಕೂತು, ನೂರನೇ ರಾತ್ರಿಯ ತನಕ ಏನನ್ನು ಬಿಡುತ್ತೇವೆ ಅಂತ ಸತ್ತವನ ಹೆಸರಲ್ಲಿ ಹೇಳಬೇಕು. ಮುಖಂಡರ ಪರವಾಗಿ ಮಾತಾಡುವ ಪೆನಿಯಾಸಿ ಒಬ್ಬೊಬ್ಬರನ್ನೇ ಕೇಳುತ್ತ ಬಂದ. ಒಬ್ಬ ಗಡ್ಡ ಬೋಳಿಸುವುದಿಲ್ಲ ಅಂದ. ಇನ್ನೊಬ್ಬ ಮಾಂಸ ಬಿಟ್ಟ. ಉನಾಯ್ಸಿ ಕಾಯಿಹಾಲು ಬಿಟ್ಟಳು. ಮೆರೆಸೇನಿ ಹಾಡು ಬಿಟ್ಟಳು, ಚರ್ಚಿನ ಹಾಡನ್ನೂ.

"ಸಾಕಿಯಾಸಿ, ನೀನು?"

"ಸಿಹಿಗುಂಬಳ," ಅಂದೆ.

ಕುಡಿಯಲು ಯಂಗೋನ ಬೇರಿನ ಪುಡಿಯನ್ನು ನೀರಲ್ಲಿ ಕಲಸುತ್ತಿದ್ದವನು ಮರಿಗೆ ಉರುಳಿಸಿಕೊಂಡ, ಅಷ್ಟು ನಗು. ನಾನು ಸಿಹಿಗುಂಬಳ ತಿನ್ನುವುದಿಲ್ಲ ಅಂತ ದ್ವೀಪಕ್ಕೇ ಗೊತ್ತು. ಬೇಯುವ ವಾಸನೆ ಬಂದರೆ ಮನೆ ಬಿಟ್ಟು ಏಳುತ್ತೇನೆ. ಯಾಕೆ ತಿನ್ನುವುದಿಲ್ಲ ಅನ್ನುವುದಕ್ಕೊಂದು ಕಥೆಯಿದೆ, ನನ್ನ ಕಥೆಗಳಲ್ಲೆಲ್ಲ ಅದೇ ಒಳ್ಳೆಯದು.

ಮೆರೆಸೇನಿ ನಗಲಿಲ್ಲ. ಮನೆಗೆ ಹೋಗಿ ಚಾಪೆ ಸುತ್ತಿಕೊಂಡು ಅಣ್ಣನ ಮನೆಗೆ ಹೋಗಿಬಿಟ್ಟಳು. ಬಟ್ಟೆಯ ಪೆಟ್ಟಿಗೆಯನ್ನೂ ಒಯ್ದಳು. ಮರುದಿನ ಕರೆಯಲು ಹೋದೆ. ನನ್ನ ಕಡೆ ತಿರುಗಲಿಲ್ಲ, ಅಂಗಳದಲ್ಲಿ ಮೇಯುತ್ತಿದ್ದ ಕೋಳಿಗೆ ಹೇಳಿದಳು: "ಕೋಳಿ, ಕೇಳಿಸ್ಕೋ. ನಮ್ಮಣ್ಣ ಸತ್ರೆ ಒಂದು ಹನಿ ಕಣ್ಣೀರು ಹಾಕ್ದೆ ಇರೋ ಮನುಷ್ಯನ ಜೊತೆ ನಾನು ಬಾಳಕ್ಕಾಗಲ್ಲ. ಒಳಗೆ ಏನು ಹೂತಿಟ್ಕೊಂಡಿದಾನೋ ದೇವ್ರನ್ನೇ ಕೇಳ್ಲಿ. ಪಾದ್ರಿಯಮ್ಮನ ಪ್ರಾರ್ಥನೆಗೆ ಹೋಗ್ಲಿ. ನೂರನೇ ರಾತ್ರಿಯೊಳಗೆ ಏನೂ ಆಗ್ಲಿಲ್ಲ ಅಂದ್ರೆ ನಾನು ಅತ್ತಿಗೆ ಜೊತೇಲೇ ಇದ್ದುಬಿಡ್ತೀನಿ, ಸಾಯೋ ತನಕ."

ಕೋಳಿ ಒಪ್ಪಿಕೊಂಡಿತು. ನಾನೂ ಒಪ್ಪಿಕೊಂಡೆ.

ಜೂನ್ 11, ಗುರುವಾರ

ಪಾದ್ರಿ ಮನೆಯಲ್ಲಿ ಆರು ಜನ. ಪಾದ್ರಿಯಮ್ಮ ಸೂವಾ ಪಟ್ಟಣದಲ್ಲಿ ಈ ಪ್ರಾರ್ಥನೆ ಕಲಿತು ಬಂದವರು, ವಯಸ್ಸಿನಲ್ಲಿ ನನ್ನ ಮಗಳಂತಿದ್ದಾರೆ. ಕಣ್ಣು ಮುಚ್ಚಬೇಕು. "ಕರ್ತನೇ, ನನ್ನೊಳಗೆ ನನಗೇ ಕಾಣದ ಗಾಯವಿದೆ. ಅಲ್ಲಿಗೆ ಕರೆದುಕೊಂಡು ಹೋಗು, ತೋರಿಸು, ವಾಸಿಮಾಡು" ಅನ್ನಬೇಕು. ಆಮೇಲೆ ಸುಮ್ಮನಿರಬೇಕು. ಸುಮ್ಮನಿರುವುದೇ ಮುಖ್ಯ ಅಂತ ಹೇಳುವಾಗ ನನ್ನನ್ನೇ ನೋಡಿದರು.

ಅಪೋರೋಸಾನಿಗೆ ಎರಡು ನಿಮಿಷದಲ್ಲಿ ಗಾಯ ಸಿಕ್ಕಿತು. ಅವನ ಅಣ್ಣ ಚಿಕ್ಕಂದಿನಲ್ಲಿ ಹುಟ್ಟುಗೋಲಿನಿಂದ ಬಡಿದದ್ದಂತೆ. ಎಮ್ಮೆಯಂಥ ಆಳು, ಭುಜ ಕುಣಿಸಿ ಅತ್ತ. ಪಕ್ಕದಲ್ಲಿದ್ದ ಮುದುಕಿಗೂ ಸಿಕ್ಕಿತು. ನನಗೆ ನಿದ್ದೆ ಸಿಕ್ಕಿತು.

ಇದು ಅವಮಾನ. ಈ ಊರಲ್ಲಿ ದೊಡ್ಡ ಮೀನು ಹಿಡಿದವನು ನಾನು, ದೊಡ್ಡ ಗೆಣಸು ಬೆಳೆದವನು ನಾನು. ಗಾಯ ಅಂತ ಇದ್ದರೆ ಅದೂ ನನ್ನದೇ ದೊಡ್ಡದಿರಬೇಕು.

ಜೂನ್ 18, ಗುರುವಾರ

ಇವತ್ತು ನಿದ್ದೆ ಬರಲಿಲ್ಲ. ಒಂದು ಖಾಲಿ ಬಟ್ಟಲು ಕಾಣಿಸಿತು. ಬಿಳೀ ಪಿಂಗಾಣಿ ಬಳಿದದ್ದು, ಅಂಚಿನಲ್ಲಿ ನೀಲಿ ಗೆರೆ, ಒಂದು ಕಡೆ ಚಕ್ಕೆ ಎದ್ದಿತ್ತು. ಇನ್ನೇನೂ ಇಲ್ಲ. ಬೇರೆಯವರಿಗೆ ಅಪ್ಪ ಕಾಣುತ್ತಾನೆ, ಅಣ್ಣ ಕಾಣುತ್ತಾನೆ, ನನಗೆ ಪಾತ್ರೆ.

"ಸಾಕಿಯಾಸಿ ಮಾವ, ಏನು ಕಾಣಿಸ್ತು?" ಅಂತ ಪಾದ್ರಿಯಮ್ಮ ಕೇಳಿದರು.

ಬಟ್ಟಲು ಅಂದರೆ ಮರ್ಯಾದೆ ಹೋಗುತ್ತದೆ. "ಶಾರ್ಕು," ಅಂದೆ. "ನನ್ನ ಕಣ್ಣೆದುರಿಗೇ ನಮ್ಮಜ್ಜನ ಕಾಲನ್ನ ಕಚ್ಕೊಂಡು ಹೋಯ್ತು. ನೀರೆಲ್ಲ ಕೆಂಪು."

ಪಾದ್ರಿಯಮ್ಮ ಕಣ್ಣಲ್ಲಿ ನೀರು ತಂದುಕೊಂಡರು. ಅಪೋರೋಸಾ ಮಾತ್ರ ಕಣ್ಣು ಬಿಟ್ಟ. "ಯಾವ ಅಜ್ಜ ಮಾವ? ನಿಮ್ಮಜ್ಜನ್ನ ನಾನು ನೋಡಿದ್ನಲ್ಲ. ಮಾವಿನಕಾಯಿ ಕದ್ದಾಗ ಎರಡೂ ಕಾಲಲ್ಲಿ ಒದ್ದಿದ್ರು."

"ಆಮೇಲೆ ಬೆಳೀತು," ಅಂದೆ.

ಮುದುಕಿ ನಗು ತಡೆಯಲಾರದೆ ಹೊರಗೆ ಹೋದಳು. ಪ್ರಾರ್ಥನೆ ಅಲ್ಲಿಗೆ ಮುಗಿಯಿತು. ನಾನು ಬಂದ ಮೇಲೆ ಸಭೆಗೆ ಕಳೆ ಬಂದಿದೆ, ಅದನ್ನು ಯಾರೂ ಒಪ್ಪುವುದಿಲ್ಲ.

ಜೂನ್ 21, ಭಾನುವಾರ

ಚರ್ಚಿನಲ್ಲಿ ಮೆರೆಸೇನಿ ಉನಾಯ್ಸಿಯ ಪಕ್ಕ ಕೂತಿದ್ದಳು, ಇಬ್ಬರೂ ಕಪ್ಪು ಬಟ್ಟೆ. ಎಲ್ಲರೂ ಹಾಡುವಾಗ ಅವಳು ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಲವತ್ತು ವರ್ಷ ಅವಳ ದನಿಯ ನೆರಳಲ್ಲಿ ನನ್ನ ಅಪಸ್ವರ ಅಡಗಿಕೊಂಡಿತ್ತು. ಇವತ್ತು ಊರಿಗೆಲ್ಲ ಕೇಳಿತು.

ಮಧ್ಯಾಹ್ನ ಬೇಯಿಸಿಕೊಳ್ಳಲು ಬೇಸರವಾಗಿ ಹಸೀ ತೆಂಗಿನಕಾಯಿ ತಿಂದೆ.

ಜುಲೈ 2, ಗುರುವಾರ

ಮೂರು ವಾರದಿಂದ ಅದೇ ಬಟ್ಟಲು. ದೇವರ ಹತ್ತಿರ ಬೇರೆ ಚಿತ್ರ ಇಲ್ಲವೇನೋ. ಸರಿ, ಬಟ್ಟಲಿನ ಕಥೆಯನ್ನೇ ಹೇಳಿ ಈ ಅಳುಮುಂಜಿಗಳನ್ನು ನಗಿಸೋಣ ಅಂದುಕೊಂಡೆ. ಅದು ಸಿಹಿಗುಂಬಳದ ಕಥೆ. ಯಂಗೋನ ಕೂಟದಲ್ಲಿ ನೂರು ಸಲ ಹೇಳಿದ್ದೇನೆ, ಒಂದು ಸಲವೂ ಸೋತಿಲ್ಲ.

ನನಗೆ ಏಳು ವರ್ಷ. ಅವ್ವನನ್ನು ಕೊಬ್ಬರಿ ಸಾಗಿಸುವ ದೋಣಿಯಲ್ಲಿ ಸೂವಾ ಆಸ್ಪತ್ರೆಗೆ ಒಯ್ದರು. ಹೋಗುವ ಮುಂಚೆ ಅವಳು ಸಿಹಿಗುಂಬಳವನ್ನು ಕಾಯಿಹಾಲಿನಲ್ಲಿ ಬೇಯಿಸಿ, ಬಟ್ಟಲಿಗೆ ಹಾಕಿ, ಬಾಳೆಲೆ ಮುಚ್ಚಿ ಇಟ್ಟಳು. "ಇದು ಮುಗಿಯೋದ್ರೊಳಗೆ ಬಂದ್ಬಿಡ್ತೀನಿ ಮಗಾ" ಅಂದಳು. ನಾನು ಆಗಲೇ ಬಲು ಬುದ್ಧಿವಂತ. ಲೆಕ್ಕ ಹಾಕಿದೆ: ಮುಗಿಯುವುದರೊಳಗೆ ಬರುತ್ತಾಳೆ ಅಂದ ಮೇಲೆ ನಾನು ಅದನ್ನು ಮುಗಿಸಬಾರದು. ತಿನ್ನಲೇ ಇಲ್ಲ. ಚಿಕ್ಕಮ್ಮಂದಿರು ತಿನ್ನು ತಿನ್ನು ಅಂದರು, ಬಟ್ಟಲು ತಬ್ಬಿಕೊಂಡು ಮಲಗಿದೆ. ಅದು ಹುಳಿಯಾಯಿತು, ನೊರೆ ಬಂತು, ಬೂಷ್ಟು ಬಂತು, ಹುಳ ಬಂತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಮಲಗತೊಡಗಿದರು. ಅಜ್ಜ ಕೋಲು ತಗೊಂಡ, ನಾನು ಬಟ್ಟಲು ಹೊತ್ತು ಓಡಿದೆ. ಕೊನೆಗೆ ಅಪ್ಪ ಕಿತ್ತುಕೊಂಡು ಹಂದಿ ದೊಡ್ಡಿಗೆ ಸುರಿದ. ನಾನು ಬೇಲಿ ಹಾರಿ ಹಂದಿಯ ಬಾಯಿಗೇ ಕೈ ಹಾಕಿದೆ. ಹಂದಿ ಆ ಕಡೆ ಎಳೆಯುತ್ತಿದೆ, ನಾನು ಈ ಕಡೆ. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು.

ಕಥೆ ಅಲ್ಲಿಗೆ ಮುಗಿಯಬೇಕು, ಸ್ವಾರಸ್ಯ ಹಂದಿಯಲ್ಲೇ ಇರುವುದು. ಇವತ್ತು ಯಾಕೋ ಬಾಯಿ ನಿಲ್ಲಲಿಲ್ಲ. ಅದೇ ಸಂಜೆ ದೋಣಿ ಬಂತು, ಅವ್ವ ಅದರಲ್ಲಿ ಇರಲಿಲ್ಲ, ಸೂವಾದಲ್ಲೇ ಮಣ್ಣು ಮಾಡಿದ್ದರು ಅಂತಲೂ ಹೇಳಿಬಿಟ್ಟೆ.

ಯಾರೂ ನಗಲಿಲ್ಲ. ಅಪೋರೋಸಾ ನೆಲ ನೋಡುತ್ತಿದ್ದ.

"ಆಮೇಲೆ ಆ ಹುಡುಗ ಏನ್ ಮಾಡ್ದ ಮಾವ?" ಅಂದರು ಪಾದ್ರಿಯಮ್ಮ.

"ಏನ್ ಮಾಡ್ತಾನೆ? ಹಂದಿ ಹೆಂಗೆ ಎಳೀತು ಅಂತ ಎಲ್ರಿಗೂ ಮಾಡಿ ತೋರಿಸ್ದ. ಎಲ್ರೂ ನಕ್ರು."

"ಅವತ್ತೇನಾ?"

"ಅವತ್ತೇ."

ಪಟ್ಟಣದವರಿಗೆ ಹಾಸ್ಯ ಅರ್ಥವಾಗುವುದಿಲ್ಲ.

ಜುಲೈ 3, ಶುಕ್ರವಾರ

ಕಥೆ ಕೆಟ್ಟಿದೆಯೋ ಕೇಳುವವರು ಕೆಟ್ಟಿದ್ದಾರೋ ನೋಡೋಣ ಅಂತ ಯಂಗೋನ ಕೂಟದಲ್ಲಿ ಮತ್ತೆ ಹೇಳಿದೆ. ಹಂದಿಯ ಹತ್ತಿರ ಎಲ್ಲರೂ ನಕ್ಕರು. ಕಥೆ ಸರಿಯಾಗೇ ಇದೆ. ನಾನೇ ನಗಲಿಲ್ಲ. ಯಂಗೋನ ಬಹಳ ಗಟ್ಟಿಯಾಗಿತ್ತು, ಗಂಟಲು ಮರಗಟ್ಟಿತು.

ಜುಲೈ 16, ಗುರುವಾರ

ಪಾದ್ರಿಯಮ್ಮ ಇವತ್ತು ಹೊಸ ಪ್ರಶ್ನೆ ತಂದರು. "ಆ ಮನೇಲಿ ಬಟ್ಲು ತಬ್ಕೊಂಡ್ ಕೂತಿದ್ನಲ್ಲ ಹುಡುಗ, ಆಗ ನೀನು ಎಲ್ಲಿದ್ದೆ ಅಂತ ಕರ್ತನನ್ನೇ ಕೇಳಿ."

"ಅವತ್ತು ಗಾಳಿ ಜೋರಾಗಿತ್ತು," ಅಂದೆ. "ಅವನ ದೋಣಿ ತಡ ಆಗಿರ್ಬೇಕು."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಸರಿ ಮಾವ, ದೋಣಿ ಬರೋ ತನಕ ಕಾಯೋಣ" ಅಂದು ಕಣ್ಣು ಮುಚ್ಚಿಕೊಂಡರು. ಆರು ಜನವೂ ಕಾದರು. ನಾನೊಬ್ಬನಿಗಾಗಿ ಅಷ್ಟು ಜನ ಬಾಯಿ ಮುಚ್ಚಿ ಕೂತದ್ದು ಇದೇ ಮೊದಲು. ಮೈ ಕಡಿಯುತ್ತಿತ್ತು. ಹೊರಗೆ ಹೆಂಗಸರು ಬಟ್ಟೆ ಒಗೆಯುವ ಸದ್ದು. ಏನೂ ಬರಲಿಲ್ಲ.

ದೇವರಿಗೆ ಒಳಗೊಳಗೇ ಹೇಳಿದೆ: ನೋಡಪ್ಪಾ, ನನ್ನ ಹೆಂಡತಿ ನನ್ನನ್ನು ಬಿಟ್ಟು ಕೋಳಿಯ ಜೊತೆ ಮಾತಾಡುತ್ತಿದ್ದಾಳೆ. ಏನು ತೋರಿಸುತ್ತೀಯೋ ಬೇಗ ತೋರಿಸು. ನನಗೆ ಚಟ್ನಿ ಅರೆಯಲೂ ಬರುವುದಿಲ್ಲ.

ಜುಲೈ 24, ಶುಕ್ರವಾರ

ಯಂಗೋನ ಕೂಟಕ್ಕೆ ಹೋಗಲಿಲ್ಲ. ಗಂಟಲು ಇನ್ನೂ ಸರಿಹೋಗಿಲ್ಲ.

ಆಗಸ್ಟ್ 6, ಗುರುವಾರ

ಬರೆಯುತ್ತೇನೆ. ಹೇಗೆ ಬಂತೋ ಹಾಗೆ.

ಕಣ್ಣು ಮುಚ್ಚಿದೆ. ಅದೇ ಮನೆ, ಅದೇ ಚಾಪೆ, ಅದೇ ಬಟ್ಟಲು. ಈ ಸಲ ನೊಣಗಳ ಸದ್ದು ಕೇಳಿತು. ಆಮೇಲೆ ಇನ್ನೊಂದು ಸದ್ದು, ಪಟ್, ಪಟ್. ದೀವಿಹಲಸಿನ ಎಲೆಯ ಹಾಗೆ ಅಗಲವಾದದ್ದನ್ನು ಯಾರೋ ಬೀಸುವ ಸದ್ದು. ತಿರುಗಿ ನೋಡಿದೆ. ಪಕ್ಕದಲ್ಲಿ ಎಂಟು ವರ್ಷದ ಜೋವೆಸಾ ಮಂಡಿಯೂರಿ ಕೂತು ನನ್ನ ಬಟ್ಟಲಿನ ಮೇಲೆ ನೊಣ ಓಡಿಸುತ್ತಿದ್ದಾನೆ. ಮೂಗು ಸೋರುತ್ತಿದೆ, ಕೈಗೆ ಬಿಡುವಿಲ್ಲ, ಒರೆಸಿಕೊಳ್ಳುತ್ತಿಲ್ಲ.

ಕರ್ತನೇ, ನಾನು ಕರೆದದ್ದು ನಿನ್ನನ್ನು, ನೀನು ನನ್ನ ಭಾವನನ್ನು ಕಳಿಸಿದ್ದೀಯ ಅಂದೆ. ಜೋವೆಸಾ ಬೀಸುತ್ತಲೇ ಇದ್ದ.

ಮರೆತೇ ಹೋಗಿತ್ತು. ಇಷ್ಟು ವರ್ಷ ಈ ಕಥೆಯನ್ನು ಇಷ್ಟು ಜನರಿಗೆ ಹೇಳಿದ್ದೇನೆ, ಅದರಲ್ಲಿ ಅಪ್ಪ ಇದ್ದ, ಅಜ್ಜ ಇದ್ದ, ಹಂದಿ ಇತ್ತು, ಜೋವೆಸಾ ಇರಲಿಲ್ಲ. ಅವನು ದಿನವೂ ಬಂದು ಕೂತಿದ್ದ. ನಮ್ಮವ್ವ ಅವನಿಗೆ ಅತ್ತೆ, ಅವನನ್ನೂ ಎತ್ತಿ ಆಡಿಸಿದವಳು. ಎಲ್ಲರೂ ಬೇಲಿಯಾಚೆ ನಿಂತು ನಗುತ್ತಿದ್ದಾಗ ಅವನು ನನ್ನ ಹಿಂದೆಯೇ ದೊಡ್ಡಿಗೆ ಇಳಿದ. ಬಟ್ಟಲು ಎತ್ತಿಕೊಂಡು ಹೋಗಿ ಸಮುದ್ರದಲ್ಲಿ ತೊಳೆದು ತಂದುಕೊಟ್ಟ. ಅದರ ಚಕ್ಕೆ ಎದ್ದದ್ದು ಹಂದಿ ತುಳಿದದ್ದರಿಂದ.

ದೊಡ್ಡವರಾದ ಮೇಲೆ ನಾನು ಈ ಕಥೆ ಶುರುಮಾಡಿದಾಗಲೆಲ್ಲ ಅವನು ಉಚ್ಚೆಗೆ ಅಂತ ಎದ್ದು ಹೋಗುತ್ತಿದ್ದ. "ಹಾಸ್ಯ ತಿಳಿಯದ ಕೊರಡು, ಮೂತ್ರಕೋಶ ಬೇರೆ ಸಣ್ಣದು" ಅಂತ ಅವನ ಬೆನ್ನಿಗೆ ಕೂಗುತ್ತಿದ್ದೆ. ಅವನು ತಿರುಗುತ್ತಿರಲಿಲ್ಲ. ಭಾವಂದಿರಲ್ಲಿ ತಿರುಗಿ ಬೈಯದೆ ಹೋಗುವುದು ತಪ್ಪು, ಆದರೂ ಹೋಗುತ್ತಿದ್ದ.

"ಮಾವ, ಏನು ಕಾಣಿಸ್ತು?" ಅಂದರು ಪಾದ್ರಿಯಮ್ಮ.

ಒಲೆಯ ಹೊಗೆ ಕಣ್ಣಿಗೆ ಹೋಗಿತ್ತು. ಅವರ ಮನೆಯಲ್ಲಿರುವುದು ಗ್ಯಾಸ್ ಒಲೆ, ಅದನ್ನೂ ಯಾರೂ ಹಚ್ಚಿರಲಿಲ್ಲ, ಆದರೂ ಹೋಗಿತ್ತು. ಅಪೋರೋಸಾ ನನ್ನ ಬೆನ್ನ ಮೇಲೆ ಕೈಯಿಟ್ಟ. ಗುದ್ದಲಿಯಷ್ಟು ಭಾರದ ಕೈ. ತೆಗೆಯೋ ಅಂದೆ. ತೆಗೆಯಲಿಲ್ಲ.

ಆಗಸ್ಟ್ 8, ಶನಿವಾರ

ಎರಡು ಹೊರೆ ಸೌದೆ ಕಡಿದು ಉನಾಯ್ಸಿಯ ಮನೆಗೆ ಹೊತ್ತುಕೊಂಡು ಹೋದೆ. ಮೆರೆಸೇನಿ ಅಂಗಳದಲ್ಲಿ ಚಾಪೆಗೆ ಗರಿ ಸೀಳುತ್ತಿದ್ದಳು.

"ಕೋಳಿ," ಅಂದಳು, "ಸೌದೆ ಆ ಮೂಲೇಲಿ ಹಾಕೋಕೆ ಹೇಳು. ಹಸಿ ಸೌದೆ ತಂದಿದ್ರೆ ವಾಪಸ್ ತಗೊಂಡ್ ಹೋಗ್ಲಿ."

ಇದಕ್ಕೆ ಒಳ್ಳೆಯ ಉತ್ತರ ಇತ್ತು. ಮನೆಗೆ ಬಂದ ಮೇಲೆ ಹೊಳೆಯಿತು. ಅಲ್ಲಿ ಮಾತ್ರ ಬಾಯಿಂದ ಬಂದದ್ದು ಬೇರೆ. "ಮೆರೆಸೇನಿ, ನಮ್ಮವ್ವನ ಬಟ್ಲನ್ನ ಜೋವೆಸಾ ತೊಳೆದು ತಂದುಕೊಟ್ಟಿದ್ದ. ನಿನಗೆ ಯಾವತ್ತಾದ್ರೂ ಹೇಳಿದ್ನಾ?"

ಅವಳ ಕೈ ನಿಂತಿತು. ಕೋಳಿಗೂ ಏನೂ ಹೇಳಲಿಲ್ಲ. ಗರಿಗಳನ್ನು ಅಲ್ಲೇ ಬಿಟ್ಟು ಒಳಗೆ ಎದ್ದು ಹೋದಳು.

ಸೌದೆ ಜೋಡಿಸಿಟ್ಟು ಬಂದೆ. ಕೆಲಸ ಕೆಟ್ಟಿತು. ಮೊದಲಾದರೆ ಕೋಳಿಯಾದರೂ ಇತ್ತು.

ಆಗಸ್ಟ್ 23, ಭಾನುವಾರ

ಚರ್ಚು ಬಿಟ್ಟ ಮೇಲೆ ಪೆನಿಯಾಸಿಯ ಮನೆಗೆ ಹೋಗಿ ಕೂತೆ. "ಪೆನಿಯಾಸಿ ಅಣ್ಣ, ನಾನು ಬಿಟ್ಟಿದ್ದನ್ನ ಬದಲಾಯಿಸ್ಬೇಕು. ಸಿಹಿಗುಂಬಳ ಬೇಡ. ಬೇರೆ ಏನಾದ್ರೂ ಬಿಡ್ತೀನಿ. ಯಂಗೋನ ಬಿಡ್ಲಾ? ಹೊಗೆಸೊಪ್ಪು?"

"ಆಡಿದ ಮಾತು ಸುಲು ಪಂಚೆಯಾ, ಕೊಳೆ ಆಯ್ತು ಅಂತ ಬದಲಾಯ್ಸೋಕೆ?" ಅಂದ ಮುದುಕ. "ನೂರು ಜನದ ಮುಂದೆ ಬಿಟ್ಟಿದೀಯ. ನೂರನೇ ರಾತ್ರಿ ಆದಮೇಲೆ ನೂರು ಜನದ ಮುಂದೆ ತಿನ್ನು."

"ತಮಾಷೆಗೆ ಅಂದಿದ್ದೆ."

"ಗೊತ್ತು ಕಣೋ. ಅದಕ್ಕೇ ಬದಲಾಯ್ಸಲ್ಲ."

ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಇನ್ನೊಂದು ಮಾತು ಹೇಳಿದ. ಮೆರೆಸೇನಿ ಮತ್ತು ಉನಾಯ್ಸಿ ದೊಡ್ಡದೊಂದು ಚಾಪೆ ನೇಯುತ್ತಿದ್ದಾರಂತೆ, ಇಬ್ಬರು ಮಲಗುವಷ್ಟು ಅಗಲದ್ದು. ಇಬ್ಬರು ಹೆಂಗಸರು ಅಷ್ಟು ದೊಡ್ಡ ಚಾಪೆ ನೇಯುವುದು ಒಟ್ಟಿಗೆ ಮುಪ್ಪಾಗುವುದಕ್ಕೇ ಅಲ್ಲವೇ ಅಂದ. ನಾನು ಅಲ್ಲ ಅಂದೆ. ದಾರಿಯುದ್ದಕ್ಕೂ ಅಲ್ಲ ಅಂದುಕೊಂಡು ಬಂದೆ.

ಜೋವೆಸಾನ ಸಮಾಧಿಯ ಕಡೆಯಿಂದ ಸುತ್ತಿ ಬಂದೆ. ಅದು ದಾರಿಯಲ್ಲ, ಆದರೂ ಬಂದೆ. ಕಲ್ಲಿನ ಮೇಲೆ ನೊಣಗಳು ಕೂತಿದ್ದವು. ಓಡಿಸಿದೆ. ಕೈಯಲ್ಲಿ ಬೈಬಲ್ ಇತ್ತು, ಅದರಲ್ಲೇ ಬೀಸಿದೆ. ಕತ್ತಲಾಯಿತು.

ಸೆಪ್ಟೆಂಬರ್ 7, ಸೋಮವಾರ

ನೂರನೇ ರಾತ್ರಿ ಕಳೆಯಿತು. ಬೆಳಿಗ್ಗೆಯೇ ನೆಲದೊಲೆ ತೋಡಿ ಕಲ್ಲು ಕಾಯಿಸಿದರು. ಹೆಂಗಸರು ಕಪ್ಪು ಬಟ್ಟೆ ತೆಗೆದು ಹೂವಿನ ಬಟ್ಟೆ ಉಟ್ಟರು. ಪೆನಿಯಾಸಿ ಹೆಸರು ಕರೆದಂತೆ ಒಬ್ಬೊಬ್ಬರೂ ಬಂದು ಬಿಟ್ಟದ್ದನ್ನು ತಿಂದರು. ನನ್ನ ಹೆಸರು ಬಂದಾಗ ಊರು ನಗಲು ತಯಾರಾಗಿ ಕೂತಿತ್ತು. ಉನಾಯ್ಸಿ ತಟ್ಟೆ ತಂದಿಟ್ಟಳು, ಸಿಹಿಗುಂಬಳ, ಕಾಯಿಹಾಲು. ಕೂತು ತಿಂದೆ. ಮುಗಿಯುವ ತನಕ ತಿಂದೆ. ಉಪ್ಪು ಸ್ವಲ್ಪ ಕಮ್ಮಿ ಅಂದೆ. ನಗು ಬರಲೇ ಇಲ್ಲ ಯಾರಿಗೂ. ಪಾದ್ರಿಯಮ್ಮ ಆ ಕಡೆ ತಿರುಗಿಕೊಂಡು ಮಗುವಿನ ಮೂಗು ಒರೆಸುತ್ತಿದ್ದರು. ಮಗುವಿನ ಮೂಗು ಚೊಕ್ಕಟವಾಗೇ ಇತ್ತು.

ಆಮೇಲೆ ಗಡ್ಡ ಬಿಟ್ಟವರನ್ನು ಮರದಡಿ ಸಾಲಾಗಿ ಕೂರಿಸಿದರು, ಬೋಳಿಸಲು. ನಾನು ನೋಡಲು ನಿಂತೆ.

"ಸಾಕಿಯಾಸಿ, ನೀನೂ ಕೂತ್ಕೋ," ಅಂದ ಪೆನಿಯಾಸಿ.

"ನಾನು ಬಿಟ್ಟಿದ್ದು ಸಿಹಿಗುಂಬಳ, ಗಡ್ಡ ಅಲ್ಲ."

"ಹಂಗಾದ್ರೆ ಮುಖದ ಮೇಲೆ ಬೆಳ್ದಿರೋದು ಏನು, ಕುಂಬಳದ ಬಳ್ಳಿಯಾ?"

ಈಗ ಊರು ನಕ್ಕಿತು. ಕೆನ್ನೆ ಮುಟ್ಟಿ ನೋಡಿಕೊಂಡೆ. ಗಡ್ಡ ಹಿಡಿ ತುಂಬ ಸಿಕ್ಕಿತು. ಬ್ಲೇಡು ಮೆರೆಸೇನಿಯ ಪೆಟ್ಟಿಗೆಯಲ್ಲಿ ಹೋಗಿತ್ತು, ಅಷ್ಟೇ. ಹಾಗಂತ ಹೇಳಿದೆ.

"ಅಂಗಡೀಲಿ ಬ್ಲೇಡು ಸಿಗುತ್ತಲ್ಲ ಮಾವ," ಅಂದ ಅಪೋರೋಸಾ. ಹುಟ್ಟುಗೋಲಿನಿಂದ ಅವನಿಗೆ ಇನ್ನೂ ನಾಲ್ಕು ಬೀಳಬೇಕಿತ್ತು.

ಕೂತೆ. ಬೋಳಿಸಲು ಬಂದದ್ದು ಜೋವೆಸಾನ ಮಗ. ಅವನ ಕೈಯಿಂದ ಕತ್ತಿಯನ್ನು ಯಾರೋ ತಗೊಂಡರು. ಸೋಪಿನ ನೊರೆಯ ಹಿಂದಿನಿಂದ ಹೂವಿನ ಬಟ್ಟೆ ಕಂಡಿತು. ಮೆರೆಸೇನಿ. ನಾನು ಮಾತಾಡಲು ಬಾಯಿ ತೆರೆದೆ. ಈ ದಿನಕ್ಕೆಂದೇ ಮೂರು ಒಳ್ಳೆಯ ಮಾತು ಕೂಡಿಟ್ಟಿದ್ದೆ.

"ಬಾಯಿ ಮುಚ್ಚು. ಕೆನ್ನೆ ಅಲ್ಲಾಡುತ್ತೆ."

ಸುತ್ತ ನೋಡಿದೆ. ಹತ್ತಿರದಲ್ಲಿ ಕೋಳಿ ಇರಲಿಲ್ಲ. ಹೇಳಿದ್ದು ನನಗೇ. ಬಾಯಿ ಮುಚ್ಚಿದೆ.

ಅವಳು ಕಿವಿಯ ಹತ್ತಿರದಿಂದ ಶುರುಮಾಡಿದಳು. ಗದ್ದದ ಕೆಳಗೆ ಬಂದಾಗ ಮೆಲ್ಲಗೆ ಅಂದಳು, ಬೇರೆ ಯಾರಿಗೂ ಕೇಳದ ಹಾಗೆ: "ಆ ಬಟ್ಲು ತೊಳೆಯೋವಾಗ ಅಣ್ಣನ ಜೊತೆ ನಾನೂ ಹೋಗಿದ್ದೆ. ನನಗೆ ಐದು ವರ್ಷ. ನೀನು ಎಲ್ರನ್ನೂ ನಗಿಸ್ತಾ ಇದ್ದೆ, ಅವನು ನೀರಲ್ಲಿ ನಿಂತು ಅಳ್ತಾ ಇದ್ದ. ನಿನಗೂ ಸೇರಿಸಿ ಅತ್ತ ಕಣೋ ಅವನು."

ಸೋಪು ಕಣ್ಣಿಗೆ ಹೋಯಿತು. ಎರಡೂ ಕಣ್ಣಿಗೆ. ಗಂಟಲಿನ ಹತ್ತಿರ ಕತ್ತಿ, ಎದೆಯೊಳಗಿಂದ ಏನೋ ದಬ್ಬಿಕೊಂಡು ಬರುತ್ತಿದೆ, ಭುಜ ಎರಡೂ ಅಪೋರೋಸಾನ ಭುಜದ ಹಾಗೆ ಕುಣಿಯತೊಡಗಿದವು. ಊರೆಲ್ಲ ನೋಡುತ್ತಿತ್ತು, ನೋಡಲಿ. ಜೋವೆಸಾ ಅಂತ ಒಂದು ಸಲ ಕೂಗಿದೆ, ಗಟ್ಟಿಯಾಗಿ.

ಮೆರೆಸೇನಿ ಕತ್ತಿ ಎತ್ತಿ ಹಿಡಿದು ಕಾದಳು. ಆಮೇಲೆ ಇನ್ನೊಂದು ಕೈಯಿಂದ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಆನಿಸಿ ಹಿಡಿದುಕೊಂಡಳು.

"ಅಳು. ಆದ್ರೆ ಅಲ್ಲಾಡ್ಬೇಡ. ಗಾಯ ಆದ್ರೆ ಆಮೇಲೆ ಪೆಟ್ಟಿಗೆ ಚಾಪೆ ಎಲ್ಲ ಮನೆಗೆ ಹೊರೋರು ಯಾರು?"

ಅವಳದು ಹಳೇ ಚಾಪೆ. ದೊಡ್ಡದು ಉನಾಯ್ಸಿಯ ಮಗನ ಮದುವೆಗಂತೆ, ಪೆನಿಯಾಸಿಗೆ ಬುದ್ಧಿಯಿಲ್ಲ. ಪೆಟ್ಟಿಗೆಯನ್ನು ತಲೆಯ ಮೇಲೆ, ಚಾಪೆಯನ್ನು ಹೆಗಲ ಮೇಲೆ ಇಟ್ಟುಕೊಂಡು ಊರ ನಡುವೆಯೇ ಬಂದೆ. ಅವಳು ಹಿಂದೆ ಹಾಡಿಕೊಂಡು ಬಂದಳು. ಈ ದ್ವೀಪದಲ್ಲಿ ನನ್ನಷ್ಟು ನೇರವಾಗಿ ಚಾಪೆ ಹೊರುವವನು ಇನ್ನೊಬ್ಬನಿಲ್ಲ.